ಸುಂಕವ್ವ ಕೋವಿಯ ಹಿಡಿಗೆ ಹಚ್ಚಿದ ಎಣ್ಣೆ

ಬಹಳ ಹಿಂದೆ, ಕಲ್ಲು ಕಂಬಗಳೂ ಮಾತಿಗೆ ಕಿವಿಗೊಡುತ್ತಿದ್ದ ಕಾಲದಲ್ಲಿ, ಬಣ್ಣದಗಿರಿ ಅಂತ ಒಂದು ರಾಜ್ಯವಿತ್ತು. ಅಲ್ಲಿಯ ದೊರೆ ಬಿಲ್ಲಪ್ಪ ಒಳ್ಳೆಯವನು. ಕಣ್ಣೆದುರಿಗಿದ್ದದ್ದೂ ಕಾಣದಷ್ಟು ಒಳ್ಳೆಯವನು. ಅವನ ಕಿರಿಯ ರಾಣಿ ರತ್ನಮಾಲೆಗೆ ಮಂತ್ರವಾದಿ ಭುಜಂಗನ ಕರೀ ಗುಂಗುರು ಕೂದಲು ಕಾಣದೆ ಊಟ ಸೇರುತ್ತಿರಲಿಲ್ಲ. ಮಂತ್ರ ಕಲಿಯುತ್ತೇನೆ ಅಂತ ಅವನನ್ನು ಅಟ್ಟಕ್ಕೆ ಕರೆಸಿಕೊಳ್ಳುತ್ತಿದ್ದಳು. ಅದೆಂಥ ಮಂತ್ರವೋ, ಕಲಿತು ಕೆಳಗಿಳಿಯುವಾಗ ಸೆರಗು ಒಂದು ಕಡೆ, ಕುಂಕುಮ ಇನ್ನೊಂದು ಕಡೆ.

ಅರಮನೆಯ ಕೋವಿಗಳನ್ನು ನೋಡಿಕೊಳ್ಳುವವನು ಓಬಯ್ಯ. ನಳಿಗೆ ಉಜ್ಜುವುದು, ಮರದ ಹಿಡಿಗೆ ಎಣ್ಣೆ ಕುಡಿಸುವುದು ಅವನ ಕೆಲಸ. ಒಂದು ದಿನ ಭುಜಂಗ ರುಮಾಲು ಕಂಕುಳಲ್ಲಿಟ್ಟುಕೊಂಡು ರಾಣಿಯ ಅಟ್ಟದಿಂದ ಇಳಿಯುವುದನ್ನು ಅವನು ಕಂಡುಬಿಟ್ಟ. ಕಂಡದ್ದೇ ತಪ್ಪಾಯಿತು. ಭುಜಂಗ ಚಿಟಿಕೆ ಬೂದಿ ಊದಿದ. ಓಬಯ್ಯ ಬೀಟೆಯ ದಿಮ್ಮಿಯಾಗಿ ಉರುಳಿದ. ಏನೂ ಅರಿಯದ ಬಡಗಿಗಳು ಆ ದಿಮ್ಮಿಯಿಂದಲೇ ದೊರೆಯ ಹೊಸ ಕೋವಿಗೆ ಹಿಡಿ ಕಡೆದರು. ಕಡೆದಷ್ಟೂ ದಿಮ್ಮಿ ಕುಗ್ಗಿತು, ಒಂದು ಚಕ್ಕೆಯೂ ನೆಲಕ್ಕೆ ಬೀಳಲಿಲ್ಲ.

"ಓಬಯ್ಯ ಬಳೆಗಾರ್ತಿ ಜೊತೆ ಓಡಿಹೋದನಂತೆ" ಅಂತ ರಾಣಿಯೇ ಸುದ್ದಿ ಹಬ್ಬಿಸಿದಳು. ಬಾವಿಕಟ್ಟೆಯ ಹೆಂಗಸರು ಅದನ್ನು ಉಪ್ಪುಖಾರ ಹಚ್ಚಿಕೊಂಡು ಸವಿದರು. ಓಬಯ್ಯನ ಹೆಂಡತಿ ಸುಂಕವ್ವ ಕೊಡ ಎತ್ತಿಕೊಳ್ಳುತ್ತಾ ಅವರಲ್ಲೊಬ್ಬಳನ್ನು, "ಬಳೆಗಾರ್ತಿ ಇವತ್ತು ಬೆಳಗ್ಗೆ ನಿಮ್ಮ ಜಗಲಿ ಮೇಲೆ ಕೂತಿದ್ದಳಲ್ಲೇ! ಓಡಿಹೋದವಳು ನಿನಗೆ ಬಳೆ ತೊಡಿಸೋಕೆ ವಾಪಸು ಬಂದಳೇನೇ?" ಅಂತ ಕೇಳಿ ಎಲ್ಲರ ಬಾಯಿ ಮುಚ್ಚಿಸಿದಳು. ಮನೆಗೆ ಬಂದು, ಬಾಗಿಲು ಹಾಕಿಕೊಂಡು ಅತ್ತಳು.

ಅಷ್ಟರಲ್ಲಿ ಆಯುಧಪೂಜೆ ಹತ್ತಿರ ಬಂತು. ಅರಮನೆಯ ಚಾವಡಿಯವನು ಕೋವಿ ತಂದಿಟ್ಟು, "ನಿನ್ನ ಗಂಡನಂತೂ ಇಲ್ಲ. ಹೊಸ ಕೋವಿಯ ಹಿಡಿಗೆ ನೀನೇ ಎಣ್ಣೆ ಹಚ್ಚಿಕೊಡವ್ವ. ಪೂಜೆ ದಿನ ದೊರೆ ಗುಂಡು ಹಾರಿಸಬೇಕು" ಅಂದ.

ಸುಂಕವ್ವ ಒದ್ದೆ ಬಟ್ಟೆಯಿಂದ ಮರ ಒರೆಸಿ, ಎದ್ದ ನಾರನ್ನು ಒರಟು ಎಲೆಯಿಂದ ಉಜ್ಜಿ ನುಣುಪು ಮಾಡಿದಳು. ಕಾಯಿಸಿದ ಅಗಸೆ ಎಣ್ಣೆಯನ್ನು ಅಂಗೈಗೆ ತೊಟ್ಟಷ್ಟೇ ಹಾಕಿಕೊಂಡು, ಮರ ಬೆಚ್ಚಗಾಗುವವರೆಗೂ ತಿಕ್ಕಿದಳು. ಆಗ ಹೆಬ್ಬೆರಳಿಗೆ ಒಂದು ಗಂಟು ಸಿಕ್ಕಿತು. ಗಂಡನ ಕಿವಿಯ ಹಿಂದಿನ ನರೂಲಿ! ಪ್ರತಿ ದೀಪಾವಳಿಗೆ ತಲೆಗೆ ಎಣ್ಣೆ ಒತ್ತುವಾಗ ಬೆರಳಿಗೆ ತಾಗುತ್ತಿದ್ದದ್ದು ಅದೇ. ಹಿಡಿ ಉಸಿರುಬಿಟ್ಟಿತು.

ಮಂತ್ರವಾದಿಗೆ ಇದರ ವಾಸನೆ ಬಡಿಯದೆ ಇರುತ್ತದೆಯೇ? ಒಂದು ಮಾಯದ ಹುಂಜವನ್ನು ಕಳಿಸಿದ. ಅದು ರೆಕ್ಕೆ ಬಡಿದು ಊರ ಧೂಳನ್ನೆಲ್ಲ ಎಬ್ಬಿಸಿತು. ಹಸಿ ಎಣ್ಣೆಗೆ ಧೂಳು ಕೂತರೆ ಕೆಲಸ ಕೆಟ್ಟಂತೆ. ಸುಂಕವ್ವ ಬಾಗಿಲಿಗೆ ಒದ್ದೆ ಸೀರೆ ಕಟ್ಟಿದಳು. ಧೂಳೆಲ್ಲ ಸೀರೆಗೆ ಮೆತ್ತಿತು. ಹುಂಜ ಕೂಗಿ ಕೂಗಿ ಗಂಟಲು ಕಟ್ಟಿಕೊಂಡು ಕೂತಿತು.

ಮೊದಲ ಎಣ್ಣೆ ಒಣಗಿದ ಮೇಲೆ ಎರಡನೆಯ ಸಲ ಹಚ್ಚಿದಳು. ಹಚ್ಚಿದ್ದೇ ತಡ, ಮಾಯದ ಕರಡಿಯೊಂದು ಎಣ್ಣೆ ನೆಕ್ಕಲು ಒಳನುಗ್ಗಿತು. ಅದರ ಅಂಗಾಲು ಬಿರಿದು ರಕ್ತ ಒಸರುತ್ತಿತ್ತು. "ಅಯ್ಯೋ ಮೂದೇವಿ, ಕಾಲು ಚಾಚು" ಅಂತ ಗದರಿ, ಬಿರುಕಿಗೆಲ್ಲ ಎಣ್ಣೆ ಒತ್ತಿದಳು. ಕರಡಿ ಅಲ್ಲೇ ಗೊರಕೆ ಹೊಡೆಯಿತು.

ಈ ಸಲ ಹಿಡಿ ಮಾತಾಡಿತು. "ಸುಂಕೀ..."

"ಇದೇನ್ರೀ ನಿಮ್ಮ ಗತಿ!"

"ಈ ಕೋವಿಯಿಂದ ಒಮ್ಮೆ ಗುಂಡು ಹಾರಿದರೆ ನಾನು ಎಂದೆಂದಿಗೂ ಮರವೇ ಕಣೇ. ಭುಜಂಗನ ಬಿಡಿಸುವ ಮಂತ್ರ ಅವನ ಬಾಯಿಂದಲೇ ಬರಬೇಕು. ಅವನಾಗಿ ಹೇಳುತ್ತಾನೆಯೇ?"

ಸುಂಕವ್ವ ಯೋಚಿಸಿದಳು. ಹಿಂದೊಮ್ಮೆ ಅಂಗಳದಲ್ಲಿ ಒಬ್ಬ ಅವಸರಗೇಡಿ ಕೋವಿಗೆ ದಪ್ಪಗೆ ಎಣ್ಣೆ ಸುರಿದದ್ದು, ಅದು ಅಂಟಂಟಾಗಿ ನೊಣ, ಕೋಳಿಪುಕ್ಕ ಎಲ್ಲವನ್ನೂ ಹಿಡಿದುಕೊಂಡದ್ದು ನೆನಪಾಯಿತು. ಓಬಯ್ಯ ಆವತ್ತು ಬಿದ್ದು ಬಿದ್ದು ನಕ್ಕಿದ್ದ.

"ರೀ, ಪೂಜೆ ಹೊತ್ತಿಗೆ ನೀವು ಅಟ್ಟದ ಸಮಾಚಾರ ಬಾಯಿಬಿಡಿ. ಮಿಕ್ಕಿದ್ದು ನನಗಿರಲಿ."

ಮೂರನೆಯ ಸಲ ಅವಳು ಕುಡಿಕೆಯನ್ನೇ ಬಗ್ಗಿಸಿದಳು. ತಿಕ್ಕಲಿಲ್ಲ, ಒರೆಸಲಿಲ್ಲ. ಪೂಜೆಯ ಬೆಳಗ್ಗೆ ಹಿಡಿ ಹಲಸಿನ ಅಂಟು ಮೆತ್ತಿದಂತೆ ಹೊಳೆಯಿತು. ನಳಿಗೆ ಹಿಡಿದು ಹುಷಾರಾಗಿ ತಂದು ಪೂಜೆಯ ಮಣೆಯ ಮೇಲಿಟ್ಟಳು.

"ಏನಮ್ಮಾ, ಗಂಡನ ಜೊತೆ ಕೈಗುಣವೂ ಓಡಿಹೋಯಿತೇ?" ಅಂತ ರತ್ನಮಾಲೆ ಮೂಗು ಮುರಿದಳು. ಸಭೆಯೆಲ್ಲ ನಕ್ಕಿತು.

ಬೂದುಗುಂಬಳ ಒಡೆದರು. ದೊರೆ ಕೋವಿಯತ್ತ ಕೈ ಚಾಚಿದ. ಅಷ್ಟರಲ್ಲಿ ಕೋವಿ ಗಂಟಲು ಸರಿಮಾಡಿಕೊಂಡಿತು. "ದೊರೆಯೇ, ಕಿರಿಯ ರಾಣಿಯ ಅಟ್ಟದಿಂದ ರುಮಾಲು ಕಂಕುಳಲ್ಲಿಟ್ಟುಕೊಂಡು ಇಳಿದವನು ಯಾರು ಗೊತ್ತೇ?"

ಸಭೆಗೆ ಸಭೆಯೇ ಮುಂದಕ್ಕೆ ಬಾಗಿತು. ಭುಜಂಗ ಹಾರಿಬಂದು ಎರಡೂ ಕೈಯಿಂದ ಹಿಡಿಯ ಬಾಯಿ ಒತ್ತಿದ. ಒತ್ತಿದ ಕೈ ಅಲ್ಲೇ ಅಂಟಿತು. ಎಳೆದ, ಬರಲಿಲ್ಲ. ಬಿಡಿಸಲು ಮೊಣಕಾಲು ಕೊಟ್ಟ, ಪಂಚೆಯೂ ಅಂಟಿತು. ಕೋವಿ ಮಾತ್ರ ನಿಲ್ಲಿಸಲಿಲ್ಲ. "ಮಂಗಳವಾರ ಬಂದವನು ಮತ್ತೆ ಶುಕ್ರವಾರವೂ..."

"ಬಿಡು, ಬಿಡು, ಕಟ್ಟಿದ್ದೆಲ್ಲ ಬಿಡು!" ಅಂತ ಭುಜಂಗ ಕಿರುಚಿದ. ಅದೇ ಅವನ ಬಿಡಿಸುವ ಮಂತ್ರ.

ಕಟ್ಟಿದ್ದೆಲ್ಲ ಬಿಟ್ಟಿತು. ಹಿಡಿ ಹೋಗಿ ಓಬಯ್ಯ ನಿಂತ, ಮೈಯೆಲ್ಲ ಎಣ್ಣೆ. ಹುಂಜ ಮತ್ತೆ ಅರಮನೆಯ ಕಹಳೆಯವನಾಯಿತು, ಕರಡಿ ಮತ್ತೆ ಅಡುಗೆಭಟ್ಟನಾಯಿತು. ಭುಜಂಗನ ಗುಂಗುರು ಕೂದಲೂ ಮಾಯದ್ದೇ ನೋಡಿ, ಅದೂ ಬಿಟ್ಟಿತು. ಹಲ್ಲಿಲ್ಲದ ಬೋಳುಮುದುಕ ಕಣ್ಣುಕಣ್ಣು ಬಿಟ್ಟ. "ಥೂ, ಇವನಿಗೋಸ್ಕರವೇ ನಾನು!" ಅಂದಳು ರತ್ನಮಾಲೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ದೊರೆಗೆ ಆಗ ಕಣ್ಣು ಕಂಡಿತು. ಮುದುಕನನ್ನು ಗಡಿ ದಾಟಿಸಿ, ರಾಣಿಯನ್ನು ತವರಿಗೆ ಅಟ್ಟಿದ.

ಸುಂಕವ್ವ ಗಂಡನನ್ನು ಮನೆಗೆ ಕರೆತಂದು, ಬಿಸಿನೀರು ಕಾಯಿಸಿ, ಸೀಗೆಪುಡಿ ಹಾಕಿ ಉಜ್ಜಿದಳು. ಜಿಡ್ಡು ಬಿಡಲೊಲ್ಲದು.

"ಇಷ್ಟು ದಪ್ಪಗೆ ಯಾರಾದರೂ ಹಚ್ಚುತ್ತಾರೇನೇ?" ಅಂದ ಓಬಯ್ಯ.

"ಬಾಯಿ ಮುಚ್ಚಿಕೊಂಡು ಬಗ್ಗಿ ಕೂತುಕೊಳ್ಳಿ" ಅಂದಳು ಸುಂಕವ್ವ. ಹೆಬ್ಬೆರಳಿಗೆ ನರೂಲಿ ತಾಗಿತು. ಮೆತ್ತಗಿತ್ತು, ಬೆಚ್ಚಗಿತ್ತು. ಅವಳು ಒಂದು ದೊಡ್ಡ ಉಸಿರು ಬಿಟ್ಟು, ಇನ್ನೊಂದು ಚೊಂಬು ನೀರು ಸುರಿದಳು. ಆಮೇಲೆ ಬಣ್ಣದಗಿರಿಯಲ್ಲಿ ಎಲ್ಲರೂ ಹೊಟ್ಟೆತುಂಬ ಉಂಡು, ಕಣ್ತುಂಬ ನಿದ್ದೆ ಮಾಡಿದರು.