ಮೌನಿಯ ಕಾರಿಗೆ ಎರಡು ಹದಿನೈದಿಂಚು

ಮೊದಲ ದಿನವೇ ಪುಟ್ಟಿ ಅಳತೆ ತೆಗೆದದ್ದು ಬೇರೆ ಗಾಡಿಯದ್ದು.

ಅಣ್ಣನ ಕಾರ್ ಆಡಿಯೋ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಅವಳು ಸ್ಪೀಕರ್ ಬಾಕ್ಸಿಗೆ ಹಲಗೆ ಕೊಯ್ಯುತ್ತಿದ್ದಳು. ಇಪ್ಪತ್ತೊಂಬತ್ತು ವರ್ಷವಾದರೂ ಆ ಮನೆಯಲ್ಲಿ ಅವಳು ಪುಟ್ಟಿಯೇ. "ಎರಡು ಹದಿನೈದಿಂಚಿನ ಸಬ್‌ವೂಫರ್ ಕೂರಿಸ್ಬೇಕಂತೆ, ಗಿರಾಕಿ ಬಂದಿದ್ದಾರೆ ನೋಡೇ" ಎಂದು ಕೌಂಟರಿನಿಂದ ಅತ್ತಿಗೆ ಕೂಗಿದರು. ಗುಡುಗುವ ಆ ಭಾರಿ ಸ್ಪೀಕರುಗಳಿಗೆ ಜಾಗ ಅಳೆಯಲು ಪುಟ್ಟಿ ಟೇಪು ಹಿಡಿದು ಹೊರಗೆ ಬಂದಳು. ಬಾಗಿಲ ಮುಂದೆ ಬಿಳಿ ವ್ಯಾನೊಂದು ಹಿಂಬದಿ ತೆರೆದುಕೊಂಡು ನಿಂತಿತ್ತು. ಒಳಗೆ ಸೀಟಿಲ್ಲ, ಸಾಮಾನಿಲ್ಲ, ನೆಲದ ತುಂಬ ಸ್ಟೀಲಿನ ರೋಲರುಗಳು. ಅಷ್ಟು ಜಾಗ ಕಂಡು ಅವಳ ಬಾಯಲ್ಲಿ ನೀರೂರಿತು. ಚಪ್ಪಲಿ ಬಿಟ್ಟು ಒಳಗೆ ಹತ್ತಿದಳು. ಟೇಪು ಮೂಲೆಗೆ ಮುಟ್ಟದೆ ಹೋದಾಗ ಅಂಗಾತ ಮಲಗಿ ಕೈ ಚಾಚಿದಳು.

"ಅಲ್ಲಿ ಮಲಗೋಕೆ ಅಷ್ಟೊಂದು ಅರ್ಜೆಂಟ್ ಮಾಡ್ಬೇಡಿ ಮೇಡಂ," ಎಂದಿತು ಒಂದು ಮೆಲ್ಲನೆಯ ದನಿ.

ತಲೆಯೆತ್ತಿದರೆ ಬಿಳಿ ಅಂಗಿಯ ಎತ್ತರದ ಮನುಷ್ಯ. ತುಟಿ ಗಂಭೀರವಾಗಿತ್ತು, ಕಣ್ಣು ಮಾತ್ರ ನಗುತ್ತಿತ್ತು.

"ಏಳಡಿ ಮೂರಿಂಚು!" ಎಂದಳು ಪುಟ್ಟಿ ಮಲಗಿದಲ್ಲಿಂದಲೇ. "ಎರಡಲ್ಲ ಸರ್, ನಾಲ್ಕು ಸಬ್‌ವೂಫರ್ ಕೂರಿಸಬಹುದು. ಈ ರೋಲರ್ ಯಾಕೆ ಹಾಕಿಸಿದ್ದೀರಿ?"

"ಶವಪೆಟ್ಟಿಗೆ ಜಾರಿಸೋಕೆ."

ಪುಟ್ಟಿ ವ್ಯಾನಿನಿಂದ ಹಾರಿದ ರಭಸಕ್ಕೆ ಒಂದು ಚಪ್ಪಲಿ ಚರಂಡಿ ಸೇರಿತು. ಪಕ್ಕಕ್ಕೆ ಬಂದು ನೋಡಿದರೆ ದಪ್ಪ ಅಕ್ಷರಗಳಲ್ಲಿ ಬರೆದೇ ಇತ್ತು, ಅಂತಿಮಯಾತ್ರೆ ವಾಹನ ಎಂದು. ಅವನು ಚರಂಡಿಗೆ ಬಗ್ಗಿ ಚಪ್ಪಲಿ ಎತ್ತಿ, ನೀರು ಕೊಡವಿ, ಅವಳ ಕಾಲ ಬಳಿ ಇಟ್ಟ.

"ನನ್ನ ಕಾರು ಮನೇಲಿದೆ. ಡ್ಯೂಟಿ ಮುಗಿಸಿ ಹೀಗೇ ಬಂದೆ. ಹನ್ನೊಂದು ವರ್ಷದಿಂದ ಇದನ್ನ ಓಡಿಸ್ತಿದ್ದೀನಿ. ಹಾರ್ನ್ ಹೊಡೆಯೋ ಹಾಗಿಲ್ಲ, ರೇಡಿಯೋ ಹಾಕೋ ಹಾಗಿಲ್ಲ, ಪಕ್ಕದಲ್ಲಿ ಅಳ್ತಾ ಕೂತೋರ ಹತ್ರ ದನಿ ಎತ್ತೋ ಹಾಗಿಲ್ಲ. ನನ್ನ ಸ್ವಂತ ಕಾರಲ್ಲಾದ್ರೂ ಎದೆ ಗುಡುಗಬೇಕು. ನಾನಿನ್ನೂ ಬದುಕಿದ್ದೀನಿ ಅಂತ ನನಗೇ ಗೊತ್ತಾಗ್ಬೇಕು."

ಹದಿನೈದಿಂಚು ಕೇಳಿ ಬಂದವರೆಲ್ಲ ಬೀದಿಗೆ ಕೇಳಿಸಬೇಕೆಂದು ಬರುತ್ತಿದ್ದರು. ತನಗೇ ಕೇಳಿಸಬೇಕೆಂದು ಬಂದವನು ಇವನೊಬ್ಬನೇ. ಪುಟ್ಟಿಗೆ ಒದ್ದೆ ಚಪ್ಪಲಿ ಮೆಟ್ಟಿಕೊಳ್ಳುವುದೂ ಮರೆತುಹೋಯಿತು.

ಅಣ್ಣನ ವ್ಯಾಪಾರಕ್ಕೆ ಒಂದೇ ಪದ್ಧತಿ. ಯಾವ ಗಾಡಿ ಬರಲಿ, ಯಾವ ಸ್ಪೀಕರು ಬರಲಿ, ಗೋಡೆಗೆ ಪೇರಿಸಿಟ್ಟ, ಎಲ್ಲ ಕಡೆ ಮುಚ್ಚಿದ ರೆಡಿಮೇಡ್ ಸೀಲ್ಡ್ ಬಾಕ್ಸು, ಜೊತೆಗೆ ಐದು ಸಾವಿರ ವಾಟ್ ಎಂಬ ಸ್ಟಿಕ್ಕರ್ ಮೆತ್ತಿದ ಆಂಪ್ಲಿಫಯರು. ಮರುದಿನ ಪುಟಾಣಿ ಕೆಂಪು ಕಾರು ಬಂದಾಗಲೂ ಅವನು ಅದನ್ನೇ ತೋರಿಸಿದ.

"ಬೇಡ," ಎಂದಳು ಪುಟ್ಟಿ, ಗಿರಾಕಿಯ ಎದುರೇ.

"ಏನೇ ಬೇಡ?"

"ಈ ಡಬ್ಬದಲ್ಲಿ ಹದಿನೈದಿಂಚಿಗೆ ಉಸಿರಾಡೋಕೂ ಗಾಳಿ ಸಾಲಲ್ಲ ಅಣ್ಣ. ಇನ್ನು ಸ್ಟಿಕ್ಕರಲ್ಲಿರೋ ವಾಟ್ ಸ್ಟಿಕ್ಕರಲ್ಲೇ ಇರುತ್ತೆ. ಫ್ಯೂಸ್ ನೋಡು, ಅರವತ್ತು ಆಂಪ್ಸ್. ಆರುನೂರು ವಾಟ್ ಬಂದ್ರೆ ನಿನ್ನ ಪುಣ್ಯ." ಅವಳು ಗಿರಾಕಿಯ ಕಡೆ ತಿರುಗಿದಳು. "ಹೊಡೆದು ತಟ್ಟನೆ ನಿಲ್ಲೋ ಸದ್ದು ಬೇಕೋ, ಹೊಟ್ಟೆಗಿಳಿದು ಉರುಳೋ ಸದ್ದು ಬೇಕೋ?"

"ಉರುಳೋದು."

"ಹಾಗಾದ್ರೆ ಪೋರ್ಟೆಡ್ ಬಾಕ್ಸ್. ಬಾಕ್ಸಿಗೊಂದು ಬಾಯಿ ಇರುತ್ತೆ, ಒಳಗಿನ ಗಾಳಿನೂ ಸ್ಪೀಕರ್ ಜೊತೆ ದುಡಿಯುತ್ತೆ. ಆದ್ರೆ ಒಂದೊಂದಕ್ಕೆ ನಾಲ್ಕು ಘನ ಅಡಿ ಬೇಕು. ಹಿಂದಿನ ಸೀಟು ತೆಗೀಬೇಕಾಗುತ್ತೆ."

"ತೆಗೀರಿ."

"ನಿಜವಾಗ್ಲೂ ಎರಡು ಸಾವಿರ ವಾಟ್ ಕೊಡೋ ಆಂಪ್ಲಿಫಯರ್ ಬೇಕು. ಅದಕ್ಕೆ ಕರೆಂಟು ಹುಟ್ಟಿಸೋ ದೊಡ್ಡ ಆಲ್ಟರ್ನೇಟರ್, ಹಿಂದೆ ಇನ್ನೊಂದು ಬ್ಯಾಟರಿ, ಹೆಬ್ಬೆರಳು ದಪ್ಪದ ತಾಮ್ರದ ಕೇಬಲ್. ಇಲ್ಲದಿದ್ರೆ ಒಂದೊಂದು ಬಡಿತಕ್ಕೂ ಹೆಡ್‌ಲೈಟ್ ಕಣ್ಣು ಹೊಡೆಯುತ್ತೆ."

"ಹೊಡೆದ್ರೆ ಹೊಡೀಲಿ. ನಿಮಗೇನಾದ್ರೂ ಅಭ್ಯಂತರನಾ?"

ಇಷ್ಟನ್ನೂ ಅವನು ಅದೇ ತಗ್ಗಿದ ದನಿಯಲ್ಲಿ ಕೇಳಿದ. ಕೇಬಲ್ ಆದ ಮೇಲೆ ಏನು ಹೇಳಬೇಕಿತ್ತೋ ಅದು ಪುಟ್ಟಿಗೆ ನೆನಪಾಗಲಿಲ್ಲ. ಅಣ್ಣನ ಮುಖ ಕಪ್ಪಿಟ್ಟಿತು. ಅತ್ತಿಗೆ ಬಿಲ್ ಪುಸ್ತಕ ಅಡ್ಡ ಹಿಡಿದುಕೊಂಡು, "ಮೌನಿ ಮಾತಾಡ್ತಾನೆ ಕಣೇ," ಎಂದು ಪಿಸುಗುಟ್ಟಿದರು. ಅಂದಿನಿಂದ ಅವನಿಗೆ ಅದೇ ಹೆಸರಾಯಿತು.

ಮೂರು ವಾರ ಕೆಲಸ ನಡೆಯಿತು. ಸಂಜೆ ಡ್ಯೂಟಿ ಮುಗಿದ ಮೇಲೆ ಮೌನಿ ಶೆಡ್ಡಿಗೆ ಬಂದು ತೋಳು ಮಡಿಸಿ ನಿಲ್ಲುತ್ತಿದ್ದ. ಅವಳು ಹಲಗೆಗೆ ಅಂಟು ಸವರಿದರೆ ಅವನು ಒತ್ತಿ ಹಿಡಿಯುತ್ತಿದ್ದ.

"ಒಂಚೂರೂ ಅಲ್ಲಾಡಿಸದೆ ಹಿಡೀತೀರಲ್ಲ!"

"ಕೆಲಸವೇ ಅದು. ಹನ್ನೊಂದು ವರ್ಷದಿಂದ ಅಲ್ಲಾಡಿಸದೆ ಒಯ್ಯೋದನ್ನ ಕಲಿತಿದ್ದೀನಿ."

"ಭಯ ಆಗಲ್ವಾ?"

"ಬದುಕಿರೋರನ್ನ ಕಂಡ್ರೆ ಆಗುತ್ತೆ," ಎಂದ ಅವನು. "ಎಲ್ಲಿ ಹೋದ್ರೂ ಏನು ಕೆಲಸ ಅಂತ ಕೇಳ್ತಾರೆ. ಹೇಳಿದ ಮೇಲೆ, ನನ್ನ ಕೈ ಕುಲುಕಿದ್ರಲ್ಲ, ಆ ಕೈನ ಮೆಲ್ಲಗೆ ಪ್ಯಾಂಟಿಗೆ ಒರೆಸ್ಕೊಳ್ತಾರೆ. ನಾನು ನೋಡಿದ್ದು ಅವರಿಗೆ ಗೊತ್ತಾಗಲ್ಲ."

ಪುಟ್ಟಿಗೆ ಯಾರನ್ನೋ ಹಿಡಿದು ಬಡಿಯಬೇಕು ಅನ್ನುವಷ್ಟು ಸಿಟ್ಟು ಬಂತು. ಬಡಿಯಲು ಅಲ್ಲಿ ಯಾರೂ ಇರಲಿಲ್ಲವಾಗಿ, ಮೊಣಕೈವರೆಗೆ ಅಂಟು ಮೆತ್ತಿಕೊಂಡ ತನ್ನ ಕೈಯನ್ನೇ ಮುಂದೆ ಚಾಚಿದಳು. "ಹಿಡೀರಿ. ಇದನ್ನ ಒರೆಸಿದ್ರೂ ಹೋಗಲ್ಲ."

ಅವನು ಹಿಡಿದ. ಅಂಟು ಅಂಗೈಗಳ ನಡುವೆ ನಿಧಾನವಾಗಿ ಗಟ್ಟಿಯಾಗತೊಡಗಿತು. ಇಬ್ಬರಿಗೂ ಅದು ತಿಳಿಯುತ್ತಿತ್ತು, ಬಿಡಿಸಿಕೊಳ್ಳುವ ಆತುರ ಯಾರಿಗೂ ಇರಲಿಲ್ಲ. ಅವನ ಹಣೆಯ ಮೇಲೆ ಮರದ ಪುಡಿ ಕೂತಿತ್ತು. ಊದಲೋ ಬೇಡವೋ ಎಂದು ಅವಳು ತುಂಬ ಹೊತ್ತು ಯೋಚಿಸಿ, ಕೊನೆಗೆ ಊದಿಯೇಬಿಟ್ಟಳು. ಶೆಡ್ಡಿನ ಬಾಗಿಲಲ್ಲಿ ಅಣ್ಣ ನಿಂತಿದ್ದ.

ಮರುದಿನ ಬೆಳಿಗ್ಗೆ ಅಣ್ಣ ಸುತ್ತಿ ಬಳಸಿ ಮಾತಾಡಲಿಲ್ಲ.

"ಭಾನುವಾರ ಆ ಕಾರು ಇಲ್ಲಿಂದ ಹೋಗ್ಬೇಕು. ಅವನು ಮತ್ತೆ ಈ ಕಡೆ ತಲೆ ಹಾಕಬಾರದು."

"ಯಾಕೆ?"

"ಹೆಣ ಸಾಗಿಸೋನು ಕಣೇ! ಆ ವ್ಯಾನ್ ದಿನಾ ಅಂಗಡಿ ಮುಂದೆ ನಿಂತ್ರೆ ಯಾವ ಗಿರಾಕಿ ಒಳಗೆ ಕಾಲಿಡ್ತಾನೆ? ನಿನಗೆ ಶೆಡ್ ಬೇಕೋ, ಅವನು ಬೇಕೋ, ಯಾವುದಾದ್ರೂ ಒಂದು ಹೇಳ್ಬಿಡು."

"ಶೆಡ್ ಅಪ್ಪಂದು."

"ಬೀಗದ ಕೈ ನಂದು."

ಅಪ್ಪ ಬಡಗಿಯಾಗಿದ್ದರು. ಗರಗಸ ಹಿಡಿಯುವುದನ್ನು ಅವಳಿಗೆ ಕಲಿಸಿದ್ದೇ ಆ ಶೆಡ್ಡಿನಲ್ಲಿ. ಹನ್ನೆರಡು ವರ್ಷದಿಂದ ಅವಳು ಅಲ್ಲಿ ಮಾಡಿದ ಬಾಕ್ಸುಗಳ ಹೊಗಳಿಕೆಯೆಲ್ಲ ಅಣ್ಣನ ಪಾಲಾಗಿತ್ತು. ಆದರೂ ಅವಳಿಗೆ ಅಲ್ಲಿ ನಿಂತರೆ ಮಾತ್ರ ತಾನು ತಾನೆನಿಸುತ್ತಿತ್ತು. ಅದನ್ನು ಬಿಡುವುದು ಆಗದ ಮಾತು. ಮೌನಿಯನ್ನು ಬಿಡುವುದು ಯೋಚಿಸಲೂ ಆಗದ ಮಾತು. ಅಂದು ಸಂಜೆ ಸ್ಪೀಕರುಗಳಿಗೆ ವೈರು ಜೋಡಿಸುವಾಗ ಮೌನಿ ಎದುರು ಕೂತು ಟಾರ್ಚು ಹಿಡಿದಿದ್ದ. ಅಣ್ಣ ಹೇಳಿದ್ದನ್ನು ಅವಳು ಅವನಿಗೆ ತಿಳಿಸಲಿಲ್ಲ.

ಭಾನುವಾರ ಅಂಗಡಿ ಮುಂದೆ ಹತ್ತಿಪ್ಪತ್ತು ಜನ ಸೇರಿದರು. ಪುಟಾಣಿ ಕಾರಿಗೆ ಎರಡು ಹದಿನೈದಿಂಚು ಹಾಕಿದ್ದಾಳಂತೆ ಎಂಬ ಸುದ್ದಿ ಅಷ್ಟರಲ್ಲಿ ಬೀದಿಯೆಲ್ಲ ಹಬ್ಬಿತ್ತು. ಮೌನಿ ಹಾಡು ಹಾಕಿದ. ಆಂಪ್ಲಿಫಯರಿನ ಹಸಿರು ದೀಪ ಉರಿಯಿತು. ಎರಡೂ ಸ್ಪೀಕರುಗಳು ಬೆರಳುದ್ದ ಕುಣಿದವು. ಸದ್ದು ಮಾತ್ರ ಪಕ್ಕದ ಮನೆಯ ಟಿ.ವಿ.ಯಷ್ಟೂ ಇರಲಿಲ್ಲ.

ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು.

"ನನ್ನ ರೆಡಿಮೇಡ್ ಡಬ್ಬ ಹಾಕಿದ್ರೆ ಹೀಗೆ ಮಾನ ಹೋಗ್ತಿತ್ತಾ?" ಎಂದ ಅಣ್ಣ, ಎಲ್ಲರಿಗೂ ಕೇಳುವಂತೆ.

ಮೌನಿ ನಗಲಿಲ್ಲ. "ನನಗೆ ಅವಸರ ಇಲ್ಲ. ನಿಧಾನಕ್ಕೆ ನೋಡಿ," ಎಂದ.

ಪುಟ್ಟಿಯ ಕಿವಿ ಸುಡುತ್ತಿತ್ತು. ಅವಳು ಅಂಗಡಿಯ ಗೋಡೆ ಗಡಿಯಾರದಿಂದ ಸೆಲ್ಲು ಕಿತ್ತು ತಂದಳು. ಬಾಕ್ಸಿನ ವೈರನ್ನು ಆಂಪ್ಲಿಫಯರಿನಿಂದ ಬಿಡಿಸಿ ಸೆಲ್ಲಿಗೆ ಮುಟ್ಟಿಸಿದಳು. ಒಂದು ಸ್ಪೀಕರು ಮುಂದೆ ಬಂತು, ಇನ್ನೊಂದು ಹಿಂದೆ ಹೋಯಿತು. ಒಂದರ ವೈರು ತಿರುಗುಮುರುಗಾಗಿತ್ತು. ಒಂದು ಗಾಳಿಯನ್ನು ತಳ್ಳಿದರೆ ಇನ್ನೊಂದು ಅದನ್ನೇ ಎಳೆದುಕೊಂಡು ಎರಡರ ದುಡಿಮೆಯೂ ಸೊನ್ನೆಯಾಗುತ್ತಿತ್ತು. ಸ್ಪೀಕರು ಕಂಪನಿಯ ದೋಷ ಅಂದಿದ್ದರೆ ಅಲ್ಲಿದ್ದವರೆಲ್ಲ ನಂಬುತ್ತಿದ್ದರು. ಪುಟ್ಟಿ ಎದ್ದು ನಿಂತಳು.

"ತಪ್ಪು ನಂದೇ. ಹನ್ನೆರಡು ವರ್ಷದಲ್ಲಿ ಒಂದು ವೈರೂ ಉಲ್ಟಾ ಹಾಕಿದವಳಲ್ಲ ನಾನು. ಮೊನ್ನೆ ಹಾಕಿದ್ದೀನಿ. ಯಾಕೆ ಗೊತ್ತಾ ಅಣ್ಣ? ವೈರ್ ನೋಡ್ಬೇಕಾದವಳು ಇವರ ಮುಖ ನೋಡ್ತಾ ಕೂತಿದ್ದೆ. ಇನ್ಮೇಲೆ ನೋಡೋಕೆ ಸಿಗಲ್ವೇನೋ ಅಂತ ಕಣ್ತುಂಬ ನೋಡ್ತಾ ಇದ್ದೆ."

ಪುಟ್ಟಿ ಯಾರ ಮುಖವನ್ನೂ ನೋಡದೆ ಆ ಸ್ಪೀಕರಿನ ಎಂಟು ಸ್ಕ್ರೂ ಬಿಚ್ಚಿ, ವೈರು ಬದಲಿಸಿ, ಎಂಟೂ ಸ್ಕ್ರೂ ಬಿಗಿದು, ಬಾಕ್ಸಿನ ವೈರನ್ನು ಮತ್ತೆ ಆಂಪ್ಲಿಫಯರಿಗೆ ಸೇರಿಸಿದಳು. ಈ ಸಲ ಕೆಂಪು ಕೆಂಪಿಗೇ, ಕಪ್ಪು ಕಪ್ಪಿಗೇ ಹೋಯಿತು.

"ಹಾಕಿ," ಎಂದಳು.

ಮೊದಲ ಬಡಿತಕ್ಕೆ ಅಂಗಡಿಯ ಷಟರ್ ಗಡಗಡ ಅಂದಿತು. ಎರಡನೆಯದಕ್ಕೆ ಅಣ್ಣನ ಅಂಗಿ ಮೈಮೇಲೆ ಪಟಪಟಿಸಿತು. ಸದ್ದು ನೆಲದೊಳಗಿಂದ ಹತ್ತಿ, ಮೊಣಕಾಲು ದಾಟಿ, ಎದೆಯಲ್ಲಿ ಉರುಳಿತು. ಹತ್ತಿರ ನಿಂತವರು ಒಂದು ಹೆಜ್ಜೆ ಹಿಂದೆ ಸರಿದರು. ಮೌನಿ ಸ್ಟೀರಿಂಗ್ ಹಿಡಿದು ಕಣ್ಣು ಮುಚ್ಚಿ ಕೂತಿದ್ದ, ರೆಪ್ಪೆಯಡಿಯಿಂದ ನೀರು ಇಳಿಯುತ್ತಿತ್ತು. ಆಮೇಲೆ ಅವನು ಕಾರಿಳಿದು ಬಂದು, ಆ ಗುಡುಗಿನ ನಡುವೆ, ಹನ್ನೊಂದು ವರ್ಷದಿಂದ ಎತ್ತದ ದನಿಯೆತ್ತಿ ಕೂಗಿದ.

"ತಪ್ಪು ಅರ್ಧ ನಂದು! ಟಾರ್ಚ್ ವೈರಿನ ಮೇಲೆ ಬಿಟ್ಟಿರಲಿಲ್ಲ ನಾನು! ನಿನ್ನ ಮುಖದ ಮೇಲೆ ಬಿಟ್ಟಿದ್ದೆ!"

ಮೂರು ವಾರದಲ್ಲಿ ಮೊದಲ ಸಲ ಅವನು ನೀನು ಅಂದಿದ್ದ, ಅದೂ ಬೀದಿಗೆಲ್ಲ ಕೇಳುವಂತೆ. ಅತ್ತಿಗೆ ಚಪ್ಪಾಳೆ ತಟ್ಟಿದರು. ಪುಟ್ಟಿ ವಾಲ್ಯೂಮ್ ತಗ್ಗಿಸಿ ಅಣ್ಣನ ಮುಂದೆ ಬಂದು ಅಂಗೈ ಚಾಚಿದಳು.

"ಬೀಗದ ಕೈ ಕೊಡು. ಯಾವುದಾದ್ರೂ ಒಂದು ಅಂದೆಯಲ್ಲ, ನನಗೆ ಎರಡೂ ಬೇಕು. ಇವರೂ ಬೇಕು, ಶೆಡ್ಡೂ ಬೇಕು. ನಾಳೆಯಿಂದ ಆ ವ್ಯಾನ್ ಈ ಬಾಗಿಲ ಮುಂದೆಯೇ ನಿಲ್ಲುತ್ತೆ. ಅದನ್ನ ನೋಡಿ ಒಳಗೆ ಕಾಲಿಡದವರು ಇಡೋದೇ ಬೇಡ."

"ಕೊಟ್ಬಿಡಿ ರೀ," ಎಂದರು ಅತ್ತಿಗೆ. "ಗೋಡೆಗೆ ಪೇರಿಸಿಟ್ಟ ಆ ಡಬ್ಬಗಳ ಧೂಳು ಒರೆಸಿ ಒರೆಸಿ ನನಗೂ ಸಾಕಾಗಿದೆ." ಗಂಡ ಅಲ್ಲಾಡದಿದ್ದಾಗ ತಾವೇ ಒಳಗೆ ಹೋಗಿ ಕೌಂಟರಿನ ಡ್ರಾಯರು ಎಳೆದು, ಬೀಗದ ಕೈ ತಂದು ಪುಟ್ಟಿಯ ಕೈಗೆ ಹಾಕಿದರು.

ಪುಟ್ಟಿ ಅದನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಮುಂದಿನ ಸೀಟಿನಲ್ಲಿ ಕೂತಳು. ಪಕ್ಕದಲ್ಲಿ ಮೌನಿ ಸ್ಟೀರಿಂಗ್ ಹಿಡಿದು ಕೂತ. ಅಣ್ಣ ಕಿಟಕಿಯ ಬಳಿ ಬಗ್ಗಿ ಏನೋ ಹೇಳತೊಡಗಿದ. ಮರ್ಯಾದೆ ಎಂಬ ಮಾತೊಂದು ಕಿವಿಗೆ ಬಿದ್ದಾಗ ಪುಟ್ಟಿ ಕೈ ಚಾಚಿ ವಾಲ್ಯೂಮನ್ನು ಕೊನೆವರೆಗೂ ತಿರುಗಿಸಿದಳು. ಕಾರು ಹೊರಟಿತು. ಅಣ್ಣನ ಬಾಯಿ ಆಡುತ್ತಲೇ ಇತ್ತು, ಒಂದಕ್ಷರವೂ ಕೇಳಿಸಲಿಲ್ಲ.