ಕಿಟಕಿ ಮುಚ್ಚಿಡಿ ಅಂದವನು

"ಈ ಕೋಣೆಗೆ ಬೀಗ ಹಾಕೋಕೆ ಬಂದಿದ್ದೀರಾ?"

ನೆಲಮಾಳಿಗೆಯ ಮೆಟ್ಟಿಲಿಳಿದು ಬಂದವನಿಗೆ ಸಿಕ್ಕ ಸ್ವಾಗತ ಇದು. ಕೇಳಿದವಳು ಪುಸ್ತಕಗಳಿಗೆ ರಟ್ಟು ಕಟ್ಟುವ ಹುಡುಗಿ. ಕೈಯಲ್ಲಿ ದಬ್ಬಳ, ಮೂಗಿನ ತುದಿಯಲ್ಲಿ ಅಂಟು, ಅದರ ಮೇಲೆ ಕೋಪ.

"ಅಯ್ಯೋ, ಇಲ್ಲ... ಗಾಳಿ ಅಳೆಯೋಕೆ. ನಿಮ್ಮ ಅತ್ತಿಗೆ ಕರೆಸಿದ್ರು." ಅವನು ಅಂಗೈಯಗಲದ ಯಂತ್ರವನ್ನು ಮೇಜಿನ ಮೇಲಿಟ್ಟ. "ಸುತ್ತಲಿನ ಮಣ್ಣಿಂದ ರೇಡಾನ್ ಅಂತ ಒಂದು ಅನಿಲ ಬರುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ. ನೆಲದ ಬಿರುಕು, ಪೈಪಿನ ಸಂದು, ಎಲ್ಲಿ ಜಾಗ ಸಿಕ್ಕಿದ್ರೂ ಒಳಗೆ ನುಗ್ಗುತ್ತೆ. ವರ್ಷಗಟ್ಟಲೆ ಉಸಿರಾಡಿದ್ರೆ ಶ್ವಾಸಕೋಶಕ್ಕೆ ಒಳ್ಳೇದಲ್ಲ. ಸರಿಯಾದ ಅಂಕಿ ಸಿಗೋಕೆ ಒಂದು ವಾರ ಕಿಟಕಿ ಮುಚ್ಚಿಡಿ."

ಅವಳು ದಬ್ಬಳ ಕೆಳಗಿಟ್ಟಳು. ಪಕ್ಕದ ಮನೆಯ ನೆಲಮಾಳಿಗೆಯನ್ನೂ ಹೀಗೇ ಅಳೆದು, ಆಮೇಲೆ ಬೀಗ ಹಾಕಿದ್ದರು. ಅಪ್ಪ ಬಿಟ್ಟುಹೋದ ಹೊಲಿಗೆ ಚೌಕಟ್ಟು, ಒತ್ತುಯಂತ್ರ, ಎಲ್ಲವೂ ಇಲ್ಲೇ... ಈ ಕೋಣೆ ಹೋದರೆ ನಾನೆಲ್ಲಿಗೆ ಹೋಗಲಿ?

ಮರುದಿನದಿಂದ ಕೆಲಸಕ್ಕೆ ಇಳಿದಾಗಲೆಲ್ಲ ಅವಳು ಕಿಟಕಿ ಪೂರ್ತಿ ತೆರೆದಳು. ಗಾಳಿಯಾಡಿದರೆ ಅಂಕಿ ಇಳಿಯುತ್ತದೆ ಎಂಬ ಲೆಕ್ಕ ಅವಳದು.

ವಾರದ ಮೇಲೆ ಬಂದವನು ಅಂಕಿ ನೋಡಿ ತಲೆ ಕೆರೆದುಕೊಂಡ. ಬೈಯಲಿಲ್ಲ.

"ಇನ್ನೊಂದು ವಾರ ಇಡೋಣ." ಹೊರಡುವ ಮುನ್ನ ಅವಳ ಪುಸ್ತಕವೊಂದರ ಬೆನ್ನು ಸವರಿದ. "ಇಷ್ಟು ನೀಟಾದ ಹೊಲಿಗೆ ನಾನು ನೋಡೇ ಇಲ್ಲ."

ಅಷ್ಟಕ್ಕೇ ನಮ್ಮ ಸಿಡುಕಿ ಕರಗಿಹೋದಳು. ಆ ವಾರವೂ ಕಿಟಕಿ ತೆರೆಯಿತು. ಈ ಸಲ ಹೆದರಿಕೆಯಿಂದಲ್ಲ.

ಮೂರನೇ ಸಲ ಅವನು ಬಂದಾಗ ಅವಳಿಗೆ ತಡೆಯಲಾಗಲಿಲ್ಲ.

"ಕಿಟಕಿ ತೆಗೆದಿದ್ದು ನಾನೇ. ಮೊದಲ ವಾರ, ಕೋಣೆ ಹೋಗುತ್ತೆ ಅಂತ. ಎರಡನೇ ವಾರ..." ಕಣ್ಣು ತುಂಬಿ ಬಂತು. "ನೀವು ಮತ್ತೆ ಬರ್ಲಿ ಅಂತ."

ಅವನು ಯಂತ್ರವನ್ನು ಅವಳತ್ತ ತಿರುಗಿಸಿದ. "ಇದು ಗಂಟೆಗೊಂದು ಅಂಕಿ ಬರ್ಕೊಳ್ಳುತ್ತೆ. ದಿನಾ ನೀವು ಕೆಲಸಕ್ಕೆ ಇಳಿದ ಕೂಡಲೇ ಅಂಕಿನೂ ಇಳಿದಿದೆ. ಮೊದಲ ವಾರವೇ ಗೊತ್ತಾಯ್ತು."

"ಮತ್ತೆ ಫೋನಲ್ಲೇ ಬೈಬಹುದಿತ್ತಲ್ಲ?"

"ಬೈಬಹುದಿತ್ತು. ಆದ್ರೆ... ನನಗೂ ಬರಬೇಕಿತ್ತು."

ಅವಳ ಕಿವಿ ಕೆಂಪಾಯಿತು.

"ಮುಚ್ಚಿದ್ದಾಗ ಅಂಕಿ ಜಾಸ್ತಿನೇ ಇದೆ" ಎಂದ ಅವನು ಮೆಲ್ಲಗೆ. "ಅದಕ್ಕೆ ಬೀಗ ಯಾಕೆ? ಬಿರುಕು ತುಂಬಿ, ನೆಲದಡಿಯಿಂದ ಚಾವಣಿವರೆಗೆ ಪೈಪ್ ಎಳೆದು ಫ್ಯಾನ್ ಹಾಕಿದ್ರೆ, ಅನಿಲ ಒಳಗೆ ಬರೋ ಮೊದಲೇ ಹೊರಗೆ ಹೋಗುತ್ತೆ."

"ಹಾಗಾದ್ರೆ ಪಕ್ಕದ ಮನೆಯವರು ಮುಚ್ಚಿದ್ದು?"

"ಅವರಿಗೆ ಆ ಕೋಣೆ ಬೇಕಿರಲಿಲ್ಲ."

ತಿಂಗಳೊಳಗೆ ಫ್ಯಾನ್ ತಿರುಗಿತು, ಅಂಕಿ ಇಳಿಯಿತು. ಅವನು ಯಂತ್ರವನ್ನು ಚೀಲಕ್ಕೆ ಹಾಕಿಕೊಂಡ.

"ಇನ್ನು ಎರಡು ವರ್ಷಕ್ಕೊಮ್ಮೆ ಅಳೆದ್ರೆ ಸಾಕು."

"ಎರಡು ವರ್ಷ...?" ಅವಳ ಮುಖ ಬಾಡಿತು.

"ಗಾಳಿ ಅಳೆಯೋಕೆ. ನಿಮ್ಮನ್ನ ನೋಡೋಕೆ ನಾಳೆನೇ ಬರ್ಲಾ?"

ಅಂಟು ಮೆತ್ತಿದ ಕೈಯನ್ನು ಅವಳು ಅವನ ಕೈಯಲ್ಲಿಟ್ಟಳು.

"ಬನ್ನಿ. ಕಿಟಕಿ ತೆಗೆದೇ ಇಟ್ಟಿರ್ತೀನಿ."