ಯಲ್ಲಮ್ಮ ಕೇಳಿದ ಗುಟುಕು

ಯಲಹಂಕದ ಡಯಾಲಿಸಿಸ್ ಕೇಂದ್ರದಲ್ಲಿ ವಾರಕ್ಕೆ ಮೂರು ಮಧ್ಯಾಹ್ನ ನನ್ನ ಪಕ್ಕದ ಹಾಸಿಗೆ ಪುಟ್ಟೇನಹಳ್ಳಿಯ ಯಲ್ಲಮ್ಮನವರದು. ನಮ್ಮಂಥವರಿಗೆ ನೀರು ಅಳತೆಯಲ್ಲೇ. ಕುಡಿದದ್ದೆಲ್ಲ ಮೈಯಲ್ಲೇ ಉಳಿದು, ಮುಂದಿನ ಸಲ ತೂಕದಲ್ಲಿ ಸಿಕ್ಕಿಬೀಳುತ್ತದೆ.

ಆ ಗುರುವಾರ ಅವರು ನನ್ನ ಬಾಟಲಿಯನ್ನೇ ನೋಡುತ್ತಾ, "ಒಂದೇ ಒಂದ್ ಗುಟುಕು ಕೊಡಪ್ಪ, ಯಾರ್ಗೂ ಏಳಲ್ಲ," ಎಂದರು.

"ಬೇಡ ಕಣಮ್ಮ, ನಿಮಗೇ ತೊಂದರೆ," ಎಂದೆ. ಅವರು ಗೋಡೆಯ ಕಡೆ ತಿರುಗಿ ಮಲಗಿದರು.

ಶನಿವಾರ ಹಾಸಿಗೆ ಖಾಲಿ ಇತ್ತು. ಫೈಲು ಒಯ್ಯಲು ಬಂದಿದ್ದ ಮಗಳು ಧನಲಕ್ಷ್ಮಿ, "ನಿದ್ದೇಲೇ ಹೋಗ್ಬಿಟ್ರು ಸಾರ್. ಕೊನೆಗೆ ಬಾಯಿಗೆ ನೀರು ಬಿಡೋಕೂ ಆಗ್ಲಿಲ್ಲ," ಎಂದು ಅತ್ತಳು.

ಆಮೇಲೆ ನನಗೆ ನೀರು ಮುಟ್ಟಲು ಮನಸ್ಸಾಗಲಿಲ್ಲ. ಆದರೂ ಸುಮ್ಮನೆ ಕೂತಾಗ ನನ್ನ ಗಂಟಲಿನಿಂದ ಗಟಗಟ ಕುಡಿಯುವ ಸದ್ದು ಬರುತ್ತಿತ್ತು. ಹೆಂಡತಿ ವೇದಾಳಿಗೂ ಕೇಳಿಸಿತು.

"ಕದ್ದು ಕುಡೀತಿದ್ದೀರೇನ್ರೀ?"

ಎದೆಯೊಳಗೆ ಏನೋ ತಣ್ಣಗೆ ಇಳಿಯುತ್ತಿತ್ತು. ನಾಲಿಗೆ ಮಾತ್ರ ಒಣಗಿಯೇ ಇತ್ತು.

ಮಂಗಳವಾರ ನನ್ನ ತೂಕ ಮೂರು ಕೆಜಿ ಏರಿತ್ತು. ಸಿಸ್ಟರ್ ಬೈದರು. ಶನಿವಾರ ಕೊಂಡಿದ್ದ, ಸೀಲು ಒಡೆಯದ ಬಾಟಲಿಯನ್ನು ತೋರಿಸಿದೆ, ಅವರು ನಂಬಲಿಲ್ಲ. ನಾಲ್ಕು ಗಂಟೆಯಲ್ಲಿ ಯಂತ್ರ ನನ್ನ ಮೈಯಿಂದ ಮೂರು ಲೀಟರ್ ನೀರು ತೆಗೆಯಿತು.

ಅದು ನಾನು ಕುಡಿದ ನೀರಲ್ಲ.